ಎಡಮಗ್ಗುಲ ಕೆಮ್ಮು

ನೀಲಿ ಶಾಯಿ, ಅದೂ ಕ್ಯಾಪ್ ತಿರುಗಿಸಿ ತೆಗೆಯುವ ಪೆನ್ನು, ಈಗಿನ ಕಾಲದಲ್ಲಿ ಯಾವ ಡಾಕ್ಟರು ಇಷ್ಟೊಂದು ಬರೆಯುತ್ತಾರೆ, ಒಂದು ಪುಟ ಮುಗಿದು ಎರಡನೆಯದೂ ಅರ್ಧವಾಯಿತು, ಲಿಯೊನೆಲ್ ಕೆಮ್ಮಿದರೂ ಬರೆಯುತ್ತಾಳೆ, ಸುಮ್ಮನಿದ್ದರೂ ಬರೆಯುತ್ತಾಳೆ ಈ ಜುಮಾನಾ ಡಾಕ್ಟರಮ್ಮ — ಮತ್ತು ಪಕ್ಕದ ಕುರ್ಚಿಯಲ್ಲಿ ಕೂತ ಅಪೊಲೊನಿಯಾ, ಅವನು ಕಟ್ಟಿಕೊಂಡ ಹೆಂಡತಿ, ಹತ್ತೊಂಬತ್ತು ವರ್ಷದಿಂದ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್, ಅವಳನ್ನು ಯಾರೂ ಏನೂ ಕೇಳುತ್ತಿಲ್ಲ. ನೀರು ಗಟಗಟ ಕುಡೀತೀರಾ, ಗುಟುಕು ಗುಟುಕಾಗಿಯಾ? ಗುಟುಕು ಡಾಕ್ಟ್ರೇ. ಹೊದಿಕೆ ಬೇಕನಿಸ್ತದಾ? ಬೇಕು, ಆದ್ರೆ ಮುಖಕ್ಕೆ ಮಾತ್ರ ಗಾಳಿ ಬೇಕು. ಮುಖಕ್ಕೆ ಗಾಳಿ! ಯಾವಾಗಿನಿಂದ ಮಾರಾಯ, ಮನೆಯಲ್ಲಿ ಬಾಯಿಗೆ ಬೀಗ, ಇಲ್ಲಿ ನೋಡಿದರೆ ಹರಿಕಥೆ. ಆರು ವರ್ಷದ ಹಿಂದೆ ಸೀನಿಗೆಂದು ಈ ಹೋಮಿಯೋಪಥಿಗೆ ಬಂದವನು, ಸಿಗರೇಟು ಬಿಡು ಎಂದು ಅಪೊಲೊನಿಯಾ ಎರಡು ವರ್ಷ ಗೋಗರೆಯಬೇಕಾಯಿತು, ಇವಳು ಒಮ್ಮೆ ಹೇಳಿದ್ದಕ್ಕೆ ಕಾಫಿ ಬಿಟ್ಟ, ಹಸಿ ಈರುಳ್ಳಿ ಬಿಟ್ಟ, ಮನೆಯಲ್ಲಿದ್ದ ವಿಕ್ಸ್ ಡಬ್ಬಿ ಕಸಕ್ಕೆ ಹಾಕಿದ, ಸಾಸಿವೆ ಗಾತ್ರದ ಆ ಬಿಳಿ ಗುಳಿಗೆಗಳನ್ನು ಕೈಯಲ್ಲಿ ಮುಟ್ಟಬಾರದಂತೆ, ಮುಚ್ಚಳಕ್ಕೆ ಸುರಿದು ನಾಲಗೆಗೆ ಹಾಕಿ ಕಣ್ಣು ಮುಚ್ಚುತ್ತಾನೆ, ಪೂಜೆಯಲ್ಲಿ ಪಾದ್ರಿಯ ಮುಂದೆ ಕೂಡ ಇಷ್ಟು ಭಕ್ತಿ ಕಂಡದ್ದಿಲ್ಲ. ಇವಳು ಚಂದ ಇದ್ದಿದ್ದರೆ ಹೊಟ್ಟೆಕಿಚ್ಚಿಗೊಂದು ಅರ್ಥವಾದರೂ ಇರುತ್ತಿತ್ತು, ಇವಳಿಗೂ ಐವತ್ತರ ಹತ್ತಿರ, ಸ್ಕಾರ್ಫಿನ ಅಂಚಿನಲ್ಲಿ ನರೆ, ಮೂಗಿನ ಮೇಲೆ ಜಾರುವ ಕನ್ನಡಕ, ಆದರೂ ಹೊಟ್ಟೆ ಉರಿಯುತ್ತದೆ, ಉರಿಯುತ್ತದೆ ಅಂದರೆ ಉರಿಯುತ್ತದೆ.

ನಾಲ್ಕು ದಿನದಿಂದ ಬಡಕೊಳ್ಳುತ್ತಿದ್ದಾಳೆ, ಲಿಯೊನೆಲ್, ಇದು ಬರೀ ಶೀತ ಅಲ್ಲ, ನಿಮ್ಮ ಹೋಟೆಲಿನಿಂದ ಆಂಬುಲೆನ್ಸಿನಲ್ಲಿ ಕೊಂಡುಹೋದರಲ್ಲ ಒಬ್ಬ ಗೆಸ್ಟನ್ನು, ಅವನಿಗೆ ಇದ್ದದ್ದು ಈ ಕೊಲ್ಲಿ ದೇಶಗಳಲ್ಲಿ ಹಬ್ಬುತ್ತಿರುವ ಆ ಹೊಸ ಕೊರೊನಾ, ಒಂಟೆಯಿಂದ ಬರ್ತದೆ ಅಂತ ಪೇಪರಿನವರು ಬರೆಯುವುದು ಅದನ್ನೇ, ಅವನ ಬೆಡ್‌ಶೀಟು ಎತ್ತಿದ್ದು ನೀನು, ಲಾಂಡ್ರಿ ಸೂಪರ್‌ವೈಸರಿಗೆ ಎಂತಕ್ಕೆ ಬೇಕಿತ್ತು ಆ ಕೆಲಸ, ನಡಿ, ಟೆಸ್ಟ್ ಮಾಡಿಸುವ, ನಮ್ಮ ಐಸಿಯುವಿನಲ್ಲಿ ಅದೇ ರೋಗದ ಇಬ್ಬರು ವೆಂಟಿಲೇಟರಿನ ಮೇಲೆ ಇದ್ದಾರೆ, ಕಣ್ಣಾರೆ ನೋಡ್ತಾ ಇದ್ದೇನೆ. ಅವನದು ಒಂದೇ ಮಾತು, ಪಾಸಿಟಿವ್ ಬಂದ್ರೆ ಖಲಾಸ್ ಮಾರಾಯ್ತಿ, ಕೆಲಸವೂ ಇಲ್ಲ ವೀಸಾವೂ ಇಲ್ಲ, ಜುಮಾನಾ ಡಾಕ್ಟ್ರ ಹತ್ರ ಹೋಗುವ. ಮೂಗು ಬಾಯಿ ಮುಚ್ಚಿಕೋ ಎಂದು ಕೊಟ್ಟ ಮಾಸ್ಕು ಅವಳ ಕೈಚೀಲದಲ್ಲೇ ಉಳಿದಿದೆ, ಉಸಿರು ಕಟ್ಟುತ್ತದಂತೆ. ಯಾವ ಮಗ್ಗುಲಿಗೆ ಮಲಗಿದ್ರೆ ಕೆಮ್ಮು ಜಾಸ್ತಿ? ಈಗ ಡಾಕ್ಟರಮ್ಮ ತಲೆಯೆತ್ತಿ ಕೇಳಿದ್ದು ಅಪೊಲೊನಿಯಾಳನ್ನು, ಮೊದಲ ಸಲ. ಹನ್ನೊಂದು ವರ್ಷದಿಂದ ಅಪೊಲೊನಿಯಾಳಿಗೆ ನೈಟ್ ಡ್ಯೂಟಿ, ಅವನಿಗೆ ಹಗಲು, ಟೂರಿಸ್ಟ್ ಕ್ಲಬ್ ಏರಿಯಾದ ಒಂದೇ ಕೋಣೆಯಲ್ಲಿ ಒಂದೇ ಮಂಚ, ಅವನು ಎದ್ದುಹೋದ ತಗ್ಗಿನಲ್ಲಿ ಅವಳು ಬೆಳಿಗ್ಗೆ ಬಂದು ಬೀಳುತ್ತಾಳೆ, ದಿಂಬಿನ ಬಿಸಿ ಗೊತ್ತು, ಮಗ್ಗುಲು ಗೊತ್ತಿಲ್ಲ. ಎಡಗಡೆ ಡಾಕ್ಟ್ರೇ, ಅವನೇ ಹೇಳಿದ, ಪೆನ್ನು ಬರೆದುಕೊಂಡಿತು. ಅಳು ಬರ್ತದಾ? ಇದೆಂಥಾ ಪ್ರಶ್ನೆ, ಗಂಡಸರನ್ನು ಕೇಳುವುದಾ ಹೀಗೆ, ಈಗ ನಗುತ್ತಾನೆ ನೋಡು — ಬರ್ತದೆ ಡಾಕ್ಟ್ರೇ, ಸಂಜೆ ಇವಳು ಡ್ಯೂಟಿಗೆ ಹೋದ ಮೇಲೆ ಒಂದು ಹತ್ತು ನಿಮಿಷ ಬರ್ತದೆ, ಸುಮ್ಮನೆ, ಆಮೇಲೆ ಗಂಜಿಗೆ ಇಡ್ತೇನೆ. ಅಯ್ಯೋ ದೇವರೇ. ಹನ್ನೊಂದು ವರ್ಷದ ಸಂಜೆಗಳು, ಅವಳು ಬಸ್ಸಿನಲ್ಲಿ ಜಪಮಣಿ ತಿರುಗಿಸುವ ಹೊತ್ತು, ನನಗಾಗಿ ಅತ್ತದ್ದನ್ನು ಇವಳಿಗೆ ಹೇಳುತ್ತಾನಲ್ಲ, ನನ್ನ ಕಣ್ಣೀರನ್ನು ಇವಳ ಪುಸ್ತಕಕ್ಕೆ ಬರೆಸುತ್ತಾನಲ್ಲ, ನಾಲ್ಕು ದಿನದಲ್ಲಿ ನಾನು ಕೇಳಿದ್ದೇನು, ಜ್ವರ ಎಷ್ಟು, ಬಾಯಿ ತೆರೆ, ಮಾತ್ರೆ ನುಂಗು.

ಇರಲಿ, ಕೊಡಲಿ ಗುಳಿಗೆ, ಕೊಡುವುದನ್ನೇ ಕಾಯುತ್ತಿದ್ದಾಳೆ ಅಪೊಲೊನಿಯಾ, ಕೊಟ್ಟರೆ ಸಾಕು, ಜಗಳವನ್ನು ದಾರಿಯುದ್ದಕ್ಕೂ ಕಟ್ಟಿಕೊಂಡೇ ಬಂದಿದ್ದಾಳೆ, ಸಾಯಿಸ್ತೀರಾ ನನ್ನ ಗಂಡನನ್ನು ಸಕ್ಕರೆ ತಿನ್ನಿಸಿ, ಎಂದು ಎದ್ದುನಿಂತು ಕೇಳುತ್ತಾಳೆ, ಆಮೇಲೆ ಅವನನ್ನು ಎಳೆದುಕೊಂಡು ಹೋಗುತ್ತಾಳೆ. ಜುಮಾನಾ ಸ್ಟೆತಸ್ಕೋಪು ಬೆನ್ನಿಗಿಟ್ಟಳು, ಮೇಲೆ, ಕೆಳಗೆ, ಮತ್ತೊಮ್ಮೆ ಕೆಳಗೆ, ಪೆನ್ನಿನ ಕ್ಯಾಪು ಮುಚ್ಚಿದಳು. ಲಿಯೊನೆಲ್ ಸರ್, ಇದಕ್ಕೆ ನನ್ನ ಹತ್ರ ಮದ್ದಿಲ್ಲ. ಈಗಲೇ ಆಸ್ಪತ್ರೆಗೆ ಹೋಗಿ, ಆ ಟೆಸ್ಟ್ ಆಗ್ಬೇಕು, ಒಂದು ಗಂಟೆ ಸಹ ತಡ ಮಾಡ್ಬೇಡಿ. ಕೆಲಸದ್ದು ಆಮೇಲೆ ನೋಡುವ, ಮೊದಲು ಜೀವ. ಡ್ರಾಯರಿನಿಂದ ಮಾಸ್ಕು ತೆಗೆದು ಕೊಟ್ಟಳು, ತಾನೂ ಒಂದು ಹಾಕಿಕೊಂಡಳು. ಸರಿ ಡಾಕ್ಟ್ರೇ. ಸರಿ ಡಾಕ್ಟ್ರೇ! ಎದ್ದ, ಮಾಸ್ಕಿನ ದಾರವನ್ನು ತಾನೇ ಕಿವಿಗೆ ಸಿಕ್ಕಿಸಿಕೊಂಡ, ಉಸಿರು ಕಟ್ಟಲಿಲ್ಲ ಈಗ, ನಾಲ್ಕು ದಿನ ಅವಳು ಹೇಳಿದ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ, ಇವಳ ಬಾಯಿಂದ ಬಂದರೆ ವೇದವಾಕ್ಯ. ಥ್ಯಾಂಕ್ಸ್ ಹೇಳಬೇಕಿತ್ತು ಅಪೊಲೊನಿಯಾ, ಜೀವ ಉಳಿಸುವ ಮಾತಾಡಿದವಳಿಗೆ, ಹೇಳದೆ ಕೈಚೀಲ ಎತ್ತಿಕೊಂಡಳು, ಗುಳಿಗೆ ಕೊಟ್ಟಿದ್ದರೇ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನಿಸಿತು, ಹಾಗೆ ಅನಿಸಿದ್ದಕ್ಕೆ ಟ್ಯಾಕ್ಸಿಯಲ್ಲಿ ಶಿಲುಬೆ ಗುರುತು ಹಾಕಿಕೊಂಡಳು, ಏಸುವೇ, ನಾನೆಂಥ ಹೆಂಗಸು.

ಅವಳದೇ ಆಸ್ಪತ್ರೆ, ಆದರೆ ಇವತ್ತು ಅವಳು ಗಾಜಿನ ಹೊರಗೆ. ಎಮರ್ಜೆನ್ಸಿಯ ನರ್ಸ್ ಮೈಮೂನ ಗೌನು, ಕನ್ನಡಕ, ಎರಡೆರಡು ಗ್ಲೌಸು ಹಾಕಿಕೊಂಡು ಅವನನ್ನು ಒಳಗೆ ಕರೆದೊಯ್ದಳು, ನೀನು ಇಲ್ಲೇ ನಿಲ್ಲು ಅಪೊಲೊನಿಯಾ, ನಿನ್ನದೂ ಸ್ಯಾಂಪಲ್ ತೆಗೀಬೇಕು, ಡ್ಯೂಟಿ ಮಾಫಿ, ಇವತ್ತು ನಿನಗೆ ಕೆಲಸ ಇಲ್ಲ. ಆಕ್ಸಿಜನ್ ಎಂಬತ್ತೆಂಟು, ಇಲ್ಲಿಂದಲೇ ಓದಿದಳು, ಎಂಬತ್ತೆಂಟು ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹೀಗೆ ಒಳಗೆ ಹೋದ ಇಬ್ಬರಿಗೆ ರಾತ್ರಿಯಿಡೀ ಅವಳೇ ಗಂಟಲು ಸ್ವಚ್ಛ ಮಾಡಿದವಳು. ಅವನು ಮಂಚದ ಅಂಚಿನಿಂದ ತಿರುಗಿ ಗಾಜಿನತ್ತ ನೋಡಿದ, ಅವಳನ್ನೇ ಹುಡುಕಿದ, ಕೈ ಎತ್ತಿದ. ಅವಳೂ ಎತ್ತಿದಳು, ಕಣ್ಣು ತುಂಬಿ ಅವನು ಎರಡೆರಡಾಗಿ ಕಂಡ, ಹೋಗಿ ಬಾ, ಹೆದರಬೇಡ, ಇಲ್ಲೇ ಇದ್ದೇನೆ, ಎಲ್ಲಿಗೂ ಹೋಗುವುದಿಲ್ಲ. ಅವನು ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ಒತ್ತಿ ತೋರಿಸಿದ, ಒಳಗೆ ಹೋಗುವಾಗ ಅವಳ ಕೈಗೆ ಕೊಟ್ಟಿದ್ದ ತನ್ನ ಮೊಬೈಲನ್ನು ತೋರಿಸಿದ, ಮತ್ತೆ ಹೆಬ್ಬೆರಳು. ಮೈಮೂನ ಬಾಗಿಲು ಒಂದಿಷ್ಟು ಸರಿಸಿ ಹೇಳಿದಳು, ಡಾಕ್ಟರ್ ಜುಮಾನಾಗೆ ಒಂದು ಮೆಸೇಜ್ ಹಾಕ್ಬೇಕಂತೆ, ಬಂದು ಮುಟ್ಟಿದೆವು ಅಂತ, ಪಾಪ ಕಾಯ್ತಾ ಇರ್ತಾರಂತೆ. ಬಾಗಿಲು ಮುಚ್ಚಿತು. ಎತ್ತಿದ ಕೈ ಇನ್ನೂ ಎತ್ತಿದಂತೆಯೇ ಇತ್ತು, ಇಳಿಸಿದಳು, ಮುಟ್ಟಿದೆವು ಎಂದು ಟೈಪು ಮಾಡಿದಳು, ಅಳಿಸಿದಳು, ಮುಟ್ಟಿದೆವು, ಯಾರು ಮುಟ್ಟಿದೆವು, ಎಲ್ಲಿಗೆ, ಗಾಜಿನಾಚೆ ಅವನ ಮುಖಕ್ಕೆ ಆಕ್ಸಿಜನ್ ಕಟ್ಟುತ್ತಿದ್ದಾರೆ, ಕಣ್ಣು ಕಾಣುತ್ತಿಲ್ಲ, ಮುಖ ಕಾಣುತ್ತಿಲ್ಲ, ಮೈಮೂನಳ ತೋಳಿನ ಸಂದಿಯಲ್ಲಿ ಆ ಹೆಬ್ಬೆರಳು ಮಾತ್ರ, ಹಾಕಿದೆಯಾ, ಹಾಕಿದೆಯಾ, ಆ ಹೆಬ್ಬೆರಳು —