ಬಳೆಚೂರಿನ ಗೋಡೆ

ನರಸಿಂಹರಾಜು ದೊಡ್ಡಪ್ಪನ ಕೈಲಿದ್ದ ಗಾರೆಯ ಕರಣೆಯನ್ನು ಕಿತ್ತುಕೊಂಡು ಬಾಗಿಲಾಚೆ ಎಸೆದ. ಅದು ಅಂಗಳದ ಚಪ್ಪಡಿಗೆ ಬಡಿದು ಠಣ್ಣೆಂದಿತು. ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರು ಕತ್ತೆತ್ತಿ ನೋಡಿದರು. ಬೆಂಕಿಗೆ ತಮಟೆ ಹಿಡಿದು ಕಾಯಿಸುತ್ತಿದ್ದವರೂ ನೋಡಿದರು. ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಮಲಗಿದ್ದ ಅವನ ಅವ್ವ ಚಿಕ್ಕಹನುಮಕ್ಕ ಮಾತ್ರ ಏನನ್ನೂ ನೋಡಲಿಲ್ಲ. ಬೆಳಗಿನ ಜಾವ ಉಸಿರು ನಿಂತ ಮೇಲೆ ಅವಳಿಗೆ ಯಾರ ಜಗಳವೂ ಬೇಕಿರಲಿಲ್ಲ.

"ಇನ್ನೊಂದ್ಸಲ ಈ ಗೋಡೆ ಮುಟ್ಟಿದ್ರೆ ನೆಟ್ಟಗಿರಲ್ಲ ದೊಡ್ಡಪ್ಪ."

"ಯಾರ್ಗಲಾ ಹೇಳ್ತಿದೀಯ? ನಿಮ್ಮಪ್ಪನ ಒಡಹುಟ್ಟಿದೋನು ಕಣ್ಲಾ ನಾನು!" ದೊಡ್ಡಹನುಮಯ್ಯ ಏದುಸಿರು ಬಿಡುತ್ತಾ ಹೇಳಿದ. "ಗಂಡನ್ನ ತಿಂದ್ಕಂಡ ಬಳೆಚೂರು ಗೋಡೆಗಿಟ್ಕಂಡು ಕುಂತ್ಳು. ಆವತ್ತೇ ಕೆರೆದು ಹಾಕಿದ್ರೆ ಇವತ್ತು ಇವ್ಳೂ ಇರೋಳೇನೋ."

"ನಮ್ಮವ್ವನ್ನ ತಿಂದಿದ್ದು ಬಣ್ಣದ ಡಬ್ಬಿ. ಕಂಡೋರ ಗೋಡೆ ಕೆರೆದೂ ಕೆರೆದೂ ಎದೆ ತುಂಬಾ ಧೂಳು ತುಂಬ್ಕಂಡು ಸತ್ಳು. ಬಳೆ ತಿಂತಂತೆ, ಬಳೆ!"

ಸರ್ಕಾರ ಕಟ್ಟಿಸಿಕೊಟ್ಟ ಮನೆ ಅದು. ಒಂದು ಕೋಣೆ, ಒಂದು ಒಲೆಮೂಲೆ. ಮಿಡಿಗೇಶಿಯ ಆ ಕೇರಿಯಲ್ಲಿ ಎಲ್ಲ ಮನೆಗಳ ಒಳಗೂ ಬೂದು ಸಿಮೆಂಟಿನ ಗೋಡೆಗಳೇ. ಇಲ್ಲಿ ಬಾಗಿಲಿಗೆ ಎದುರಾಗಿದ್ದ ಗೋಡೆ ಮಾತ್ರ ಬೇರೆ. ಕೆಳಗೆ ಕೆಮ್ಮಣ್ಣು, ನಡುವೆ ಅರಿಶಿನ, ಮೇಲೆ ನೀಲಿ. ಅಡಿಯಿಂದ ಮುಡಿಯವರೆಗೆ ಒಣಗಿದ ಹೀರೆಕಾಯಿಯ ನಾರು ಒತ್ತಿದ ಗೀರುಗಳು, ಜೋಳದ ಬೆಂಡು ಉರುಳಿಸಿದ ಹಲ್ಲು ಹಲ್ಲು ಸಾಲು, ಬೆರಳಾಡಿಸಿದ ಅಲೆ. ಆ ಗೀರುಗಳ ಸಂದಿಯಲ್ಲಿ ಆಗತಾನೇ ಮೊಳೆತ ಪೈರಿನಂತೆ ಹಸಿರು ಗಾಜಿನ ಬಳೆಚೂರು. ಅವ್ವ ಮಲಗುತ್ತಿದ್ದದ್ದು ಆ ಗೋಡೆಯ ಬುಡದಲ್ಲಿ. ಸತ್ತದ್ದೂ ಅಲ್ಲೇ.

ಉಸಿರು ಹೋದ ಜಾಗಕ್ಕೆ ಸುಣ್ಣ ಕಾಣಿಸಬೇಕು ಅನ್ನುವುದು ಕೇರಿಯ ಕಟ್ಟು. ಮಣ್ಣಿಗೆ ಹೋದವರು ವಾಪಸು ಬರುವಷ್ಟರಲ್ಲಿ ಉಳಿದ ಹೆಂಗಸರು ನೆಲ ಸಾರಿಸಿ, ಪಕ್ಕದ ಗೋಡೆಗೆ ಸುಣ್ಣ ಬಳಿದು, ಅಲ್ಲೊಂದು ದೀಪ ಇಟ್ಟಿರಬೇಕು. ಬಂದವರು ಕಾಲು ತೊಳೆದು ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ದೊಡ್ಡಹನುಮಯ್ಯನಿಗೆ ಬರೀ ಸುಣ್ಣ ಸಾಲದು. ಮೊದಲು ಕೆರೆಯಬೇಕು, ಒಂದು ಚೂರು ಗಾಜೂ ಉಳಿಯಬಾರದು ಎಂದು ಅವನ ಹಟ.

ನರಸಿಂಹರಾಜು ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟ.

"ನಾನು ಏಳಲ್ಲ. ಮಡಕೆ ಹೊತ್ಕಳ್ಳೋಕೆ ಬೇರೆ ಮಗನ್ನ ಹುಡುಕ್ಕಳಿ."

ಅವನನ್ನು ಬಿಟ್ಟರೆ ಚಿಕ್ಕಹನುಮಕ್ಕನಿಗೆ ಬೇರೆ ಮಗನಿರಲಿಲ್ಲ.

*

ಅಪ್ಪ ಸಣ್ಣರಂಗಯ್ಯ ತೀರಿಕೊಂಡ ಮೇಲೆ ತಿಥಿಯ ದಿನ ಕೆರೆಯ ಕೋಡಿಯಲ್ಲಿ ಅವ್ವನ ಬಳೆ ಒಡೆದರು. ಕಲ್ಲಿನ ಮೇಲೆ ಕೈ ಇಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿದವಳು ಯಾವಳೋ ಮುದುಕಿ. ತಿರುಗಿ ನೋಡದೆ ನಡಿ ಎಂದರು. ಅವ್ವ ತಿರುಗಿ ನೋಡಿದಳು. ನೋಡಿದ್ದಷ್ಟೇ ಅಲ್ಲ, ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚೂರು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಮುಂಗೈಯಿಂದ ನೆತ್ತರು ತೊಟ್ಟಿಕ್ಕುತ್ತಿತ್ತು.

ಮಾರನೆಯ ದಿನ ಕೆಮ್ಮಣ್ಣು ಕಲಸಿ ಗೋಡೆಗೆ ಮೆತ್ತತೊಡಗಿದಾಗ ದೊಡ್ಡಹನುಮಯ್ಯ ಬಾಗಿಲಲ್ಲಿ ನಿಂತು ಕೂಗಾಡಿದ್ದ.

"ಥೂ, ಮುಂಡೆ ಬಳೆ ಯಾರಾನಾ ಮನೇಲಿಡ್ತಾರೇನೇ?"

"ಒಡೆದೋರು ನೀವು ಭಾವ, ಎತ್ಕಂಡೋಳು ನಾನು. ಕೈಗೆ ಹಾಕ್ಕಂಬಾರ್ದು ಅಂದ್ರಿ, ಸರಿ, ಹಾಕ್ಕಳಲ್ಲ." ಅವ್ವ ಒಂದು ಚೂರನ್ನು ಹೆಬ್ಬೆರಳಲ್ಲಿ ಹಸಿಮಣ್ಣಿಗೆ ಒತ್ತಿದಳು. "ಗೋಡೆಗೆ ಹಾಕ್ಬಾರ್ದು ಅಂತ ಯಾರಂದ್ರು? ಗೋಡೇನೂ ಮುಂಡೆ ಆತೈತಾ?"

ದೊಡ್ಡಹನುಮಯ್ಯ ಬಾಗಿಲಿಂದಲೇ ಹಿಂತಿರುಗಿದ. ಅಂದಿನಿಂದ ಆ ಮನೆಯ ಹೊಸಿಲು ದಾಟಿರಲಿಲ್ಲ. ಇವತ್ತು ದಾಟಿದ್ದ, ಕರಣೆ ಹಿಡಿದು.

*

ಹೊತ್ತೇರಿತು. ಬೆಟ್ಟದ ಕೋಟೆಯ ನೆರಳು ಕೇರಿಯಿಂದ ಹಿಂದೆ ಸರಿದು ಬಿಸಿಲು ಅಂಗಳಕ್ಕೆ, ಬೇವಿನ ಬುಡದ ಚಾಪೆಗೆ ಬಿತ್ತು. ರಾಯಚರ್ಲಿನಿಂದ ಬಂದ ದೊಡ್ಡಕ್ಕ, ಸತ್ತವಳ ಸ್ವಂತ ಅಕ್ಕ, "ನಾ ಚೆಲ್ಲೀ, ನನ್ನ ಬಿಟ್ಟೋದ್ಯಾ ತಂಗೀ" ಎಂದು ತೆಲುಗು ಬೆರೆಸಿ ಎದೆ ಬಡಿದುಕೊಂಡು ಅತ್ತು, ಮೂಗು ಒರೆಸಿಕೊಂಡು, ಒಳಗೆ ಬಗ್ಗಿ ನೋಡಿದಳು.

"ಏಮಿರಾ ಇದಿ, ಏನ್ಲಾ ಇದು? ಹೆಣ ಹೊರಗೆ ಬೇಯ್ತೈತೆ, ಮಗ ಒಳಗೆ ನೆಳ್ಳಲ್ಲಿ ಕುಂತವ್ನೆ."

"ಗೋಡೆ ಕೆರೀತಾರಂತೆ ದೊಡ್ಡಮ್ಮ."

"ಕೆರೆದ್ರೆ ಏನಾತೈತಂತೆ? ಅವ್ಳು ಎದ್ದು ಬತ್ತಾಳಾ?" ದೊಡ್ಡಕ್ಕ ದೊಡ್ಡಹನುಮಯ್ಯನ ಕಡೆ ತಿರುಗಿದಳು. "ಏನಯ್ಯಾ, ಬದುಕಿದ್ದಾಗ ಅವ್ಳ ಮುಂದೆ ನಿನ್ನ ಬಾಯಿ ನಡೀಲಿಲ್ಲ. ಈಗ ಗೋಡೆ ಮೇಲೆ ಗಂಡಸ್ತನ ತೋರಿಸ್ತೀಯಾ?"

ಬಿದಿರು ಸೀಳುವವರಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಹನುಮಯ್ಯ ಹೆಗಲ ಟವೆಲ್ ಕೊಡವಿದ.

ಅಷ್ಟರಲ್ಲಿ ಬೈಕ್ ಸದ್ದಾಯಿತು. ಮಧುಗಿರಿಯ ಪೇಂಟಿಂಗ್ ಕಾಂಟ್ರಾಕ್ಟರ್ ಮರುಳಸಿದ್ದಯ್ಯ ಹಾರ ತಂದಿದ್ದ. ಚಿಕ್ಕಹನುಮಕ್ಕ ವರ್ಷಾನುಗಟ್ಟಲೆ ದುಡಿದದ್ದು ಅವನ ಕೈಕೆಳಗೆ. ಮಗನೂ ಶಾಲೆ ಬಿಟ್ಟು ಸೇರಿಕೊಂಡದ್ದು ಅವನ ಹತ್ತಿರವೇ. ಮರುಳಸಿದ್ದಯ್ಯ ಹೆಣದ ಕಾಲಬುಡದಲ್ಲಿ ಹಾರ ಇಟ್ಟು ಕೈ ಮುಗಿದ. ದೊಡ್ಡಕ್ಕ ಕೊಟ್ಟ ನೀರನ್ನು ಬೇಡವೆಂದ. ಆಮೇಲೆ ತೆರೆದ ಬಾಗಿಲಿನಿಂದ ಗೋಡೆ ಕಂಡಿತು.

"ಏ ರಾಜು, ನಮ್ಮ ಹೀರೆಕಾಯಿ ಡಿಸೈನಲ್ವೇನೋ! ಇದ್ರಾಗೆ ಗ್ಲಾಸ್ ಪೀಸ್ ಬೇರೆ ಹಾಕವ್ಳೆ. ಸೂಪರಾಗೈತಲ್ಲೋ." ಅವನು ಹೊಸಿಲಾಚೆಯೇ ನಿಂತು ಫೋನ್ ಎತ್ತಿದ. "ಒಸಿ ಪಕ್ಕಕ್ಕೆ ಸರ್ಕೋ. ಒಂದು ಫೋಟೋ ತಕ್ಕಂತೀನಿ, ಕಸ್ಟಮರ್‌ಗೆ ತೋರಿಸ್ಬೋದು."

ನರಸಿಂಹರಾಜು ಎದ್ದೇಬಿಟ್ಟ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಒಂದು ಕೈ ಅಡ್ಡ ಬಂದು ಫೋನನ್ನು ಮುಚ್ಚಿತು. ದೊಡ್ಡಹನುಮಯ್ಯನ ಕೈ.

"ಸತ್ತ ಮನೇಲಿ ಫೋಟೋ ತೆಗೀತೀಯೇನಪ್ಪಾ? ನಮ್ಮ ನೀರು ಕುಡಿಯಾಕಾಗಲ್ಲ, ಗೋಡೆ ಬೇಕಾ? ನಡಿ ಅತ್ಲಾಗೆ."

*

ಮಧುಗಿರಿಯಲ್ಲಿ ಅಂಗಡಿ ನಾಗಲಿಂಗಯ್ಯನವರು ಹೊಸ ಮನೆ ಕಟ್ಟಿಸಿದಾಗ ಟೀವಿ ಹಿಂದಿನ ಗೋಡೆಗೆ ಏನಾದರೂ ವಿಶೇಷ ಮಾಡಿ ಎಂದಿದ್ದರು. ಮರುಳಸಿದ್ದಯ್ಯ ತಂದ ರೋಲರಿನ ಗುರುತು ಯಜಮಾನಿ ಶಿವರುದ್ರಮ್ಮನಿಗೆ ಹಿಡಿಸಲಿಲ್ಲ. ಆಗ ಪಾತ್ರೆ ತೊಳೆಯುವ ಕಟ್ಟೆಯ ಮೇಲಿದ್ದ ಹೀರೆಕಾಯಿಯ ನಾರನ್ನು ಎತ್ತಿಕೊಂಡು ಬಂದವಳು ಅವ್ವ. ಗೋಡೆಗೆ ಮೆತ್ತಿದ್ದ ಹಸಿ ಪುಟ್ಟಿಯ ಗಾರೆಗೆ ಅದನ್ನು ಒತ್ತಿ, ಎತ್ತಿ, ಮಗ್ಗುಲು ತಿರುಗಿಸಿ ಮತ್ತೆ ಒತ್ತಿದಳು. ಸಂದು ತುಂಬಲು ಅಂಗೈಯನ್ನೇ ಊರಿದಳು. ಶಿವರುದ್ರಮ್ಮ ಬೆರಳಿಂದ ಗೋಡೆ ಸವರಿ ಸವರಿ ನೋಡಿದರು.

ಕೊನೆಯ ದಿನ ನರಸಿಂಹರಾಜು ಕಿಟಕಿ ಗಾಜಿಗೆ ಸಿಡಿದಿದ್ದ ಸುಣ್ಣವನ್ನು ಬ್ಲೇಡಿನಲ್ಲಿ ಕೆರೆಯುತ್ತಿದ್ದ. ಗೀರು ಬಿದ್ದರೆ ಬೈಗುಳ ಎಂದು ಉಗುರಗಲ ಉಗುರಗಲವೇ ಸಾಗುತ್ತಿದ್ದ. ಹೊಸದಾಗಿ ಮದುವೆಯಾಗಿ, ಅತ್ತೆಯ ಜೊತೆ ಕೂಲಿಗೆ ಬಂದಿದ್ದ ಶ್ರೀಲತಾ ಪಕ್ಕದಲ್ಲಿ ನೆಲ ಒರೆಸುತ್ತಿದ್ದಳು.

"ಬುಡ್ಲಾ, ಗಾಜಿಗೆ ಯಾಕೆ ಅಷ್ಟು ಒದ್ದಾಡ್ತೀಯ?" ಅವ್ವ ಸೆರಗಿನ ತುದಿಯನ್ನು ನೀರಿಗೆ ಅದ್ದಿ ಒಂದೇ ಸಲ ಒರೆಸಿದಳು. ಗಾಜು ಹೊಳೆಯಿತು. "ಗಾಜಿನ ಮ್ಯಾಲೆ ಸುಣ್ಣ ನಿಂತಂಗೆ ಕಾಣ್ತೈತೆ, ನಿಲ್ಲಾಕಿಲ್ಲ. ನೋಡ್ಕೋ ಸಿರೀಲತಾ, ನಿನ್ ಗಂಡನಿಗೆ ಬರೀ ಕೆರೆಯೋದೊಂದೇ ಗೊತ್ತು."

ಗೃಹಪ್ರವೇಶದ ದಿನ ಕೆಲಸದವರಿಗೂ ಊಟಕ್ಕೆ ಹೇಳಿದ್ದರು. ಹೋದರೆ, ಇವರಿಗೆ ಎಲೆ ಹಾಕಿದ್ದು ಹಿತ್ತಿಲ ನೀರಿನ ಸಂಪಿನ ಮೇಲೆ. ಒಳಗೆ ನೆಂಟರು ಆ ಗೋಡೆಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಿನ್ನೆಯವರೆಗೆ ಬಣ್ಣದ ಕಾಲಲ್ಲಿ ಓಡಾಡಿದ ಹಾಲ್‌ಗೆ ಇವತ್ತು ಪೂಜೆಯಾಗಿತ್ತು. ನರಸಿಂಹರಾಜು ಎಲೆ ಮಡಚಿ ಎದ್ದು ನಿಂತ. ಅವ್ವ ಪಾಯಸ ಸುರಿಯುತ್ತಾ ಅವನ ಅಂಗಿ ಹಿಡಿದು ಜಗ್ಗಿದಳು.

"ಕುಂತ್ಕೊ. ನಾವು ಹೊರಗಿದ್ರೆ ಏನಾತು? ನನ್ ಕೈ ಒಳಗೇ ಐತೆ ಕಣ್ಲಾ. ದಿನಾ ಕುಂತು ಟೀವಿ ನೋಡ್ತೈತೆ."

ಶ್ರೀಲತಾ ನಕ್ಕಳು. ಅವನಿಗೆ ನಗು ಬರಲಿಲ್ಲ. ಆವತ್ತಿನ ಸಿಟ್ಟು ಇವತ್ತಿಗೂ ಆರಿರಲಿಲ್ಲ.

*

ಬೈಕ್ ಹೋದ ಮೇಲೆ ನರಸಿಂಹರಾಜು ಮತ್ತೆ ಗೋಡೆಗೆ ಆತು ಕುಳಿತ. ದೊಡ್ಡಹನುಮಯ್ಯನ ದನಿ ಸ್ವಲ್ಪ ಇಳಿಯಿತು.

"ಲೇ ರಾಜ, ಕೆರೆಯಾದು ಬ್ಯಾಡ, ಬುಡು. ಆದ್ರೆ ಸುಣ್ಣ ಆಗ್ಲೇಬೇಕು. ಸುಣ್ಣ ಕಾಣದ ಮನೆಗೆ ನಾಳೆ ಯಾರೂ ಕಾಲಿಡಲ್ಲ. ನಿನ್ನ ಒಲೆಗೆ ಕೆಂಡ ಕೊಡೋರೂ ಇರಲ್ಲ."

"ಕೊಡಬ್ಯಾಡ್ರಿ. ಸುಣ್ಣಾನೂ ಬ್ಯಾಡ. ನಮ್ಮವ್ವನ ಗುರುತು ಅಂತ ಇರೋದು ಇದೊಂದೇ."

ಅಂಗಳದಲ್ಲಿ ನೊಣ ಗುಂಯ್ಗುಟ್ಟುತ್ತಿತ್ತು. ದೊಡ್ಡಕ್ಕ ಬೇವಿನ ಸೊಪ್ಪು ಬೀಸುತ್ತಾ ತಂಗಿಯ ಮುಖದಿಂದ ನೊಣ ಅಟ್ಟುತ್ತಿದ್ದಳು. ಒಲೆಮೂಲೆಯಲ್ಲಿದ್ದ ಶ್ರೀಲತಾ ಮುಂದೆ ಬಂದಳು. ಅತ್ತೂ ಅತ್ತೂ ಅವಳ ಕಣ್ಣು ಊದಿಕೊಂಡಿತ್ತು.

"ನೀವು ಹೋಗ್ಬನ್ನಿ. ಸುಣ್ಣ ನಾನೇ ಬಳೀತೀನಿ."

ಅವನು ಹೆಂಡತಿಯನ್ನು ಗುರುತು ಸಿಗದವನಂತೆ ನೋಡಿದ.

"ನೀನೂನಾ?"

"ಅತ್ತೆ ಬಿಸ್ಲಲ್ಲಿ ಮಲಗವ್ರೆ. ಎಷ್ಟೊತ್ತು ಕಾಯಿಸ್ತೀರಿ? ಏಳಿ." ಆಮೇಲೆ ಬಾಗಿಲ ಕಡೆ ತಿರುಗಿದಳು. "ದೊಡ್ಮಾವ, ಬೇರೆ ಯಾರೂ ಒಳಗೆ ಬರೋದು ಬ್ಯಾಡ. ನಾನೊಬ್ಳೇ ಮಾಡ್ತೀನಿ. ನೀವು ವಾಪಸ್ ಬರೋ ಹೊತ್ಗೆ ಸುಣ್ಣ ಆಗಿರ್ತೈತೆ, ದೀಪ ಇಟ್ಟಿರ್ತೀನಿ."

"ಅಂಗನ್ನು ನನ್ನವ್ವ," ಎಂದ ದೊಡ್ಡಹನುಮಯ್ಯ.

ನರಸಿಂಹರಾಜು ಎದ್ದ. ಏಳುವಾಗ ಅವನ ಅಂಗಿ ಒಂದು ಬಳೆಚೂರಿಗೆ ಸಿಕ್ಕಿ ಪರ್ರೆಂದು ಹರಿಯಿತು. ಹೆಂಡತಿಯ ಮುಖ ನೋಡದೆ ಹೊರಗೆ ನಡೆದು ಮಡಕೆ ಹೆಗಲಿಗೇರಿಸಿಕೊಂಡ. ತಮಟೆ ಶುರುವಾಯಿತು.

ಕೆರೆಯ ಹಿಂದಿನ ಸುಡುಗಾಡಿನಲ್ಲಿ ಗುಂಡಿ ತೆಗೆದು ಕೆಮ್ಮಣ್ಣು ರಾಶಿ ಹಾಕಿದ್ದರು. ಮಣ್ಣು ಕೊಡುವಾಗ ಅವನ ಬೆರಳು ತಾನಾಗಿಯೇ ಅದನ್ನು ಹಿಸುಕಿ ನೋಡಿತು. ಜಿಗುಟು ಮಣ್ಣು, ಅವ್ವ ಕಂಡಿದ್ದರೆ ಬುಟ್ಟಿ ತುಂಬಿಕೊಳ್ಳುತ್ತಿದ್ದಳು. ಗುಂಡಿ ಮುಚ್ಚಿ, ಗುಪ್ಪೆ ಮಾಡಿ, ಗುದ್ದಲಿಯ ಬೆನ್ನಿನಿಂದ ತಟ್ಟಿ ನಯ ಮಾಡಿದರು. ಮಡಕೆ ಒಡೆದು ನೀರು ಚೆಲ್ಲಿದ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ಹೊರಟರು. ತಿರುಗಿ ನೋಡಬಾರದು ಎಂದರು.

ಅವನು ತಿರುಗಿ ನೋಡಿದ. ನೆನೆದ ಗುಪ್ಪೆ ಹಂಚಿನಂತೆ ನುಣ್ಣಗೆ, ಯಾರದೋ ಗುಪ್ಪೆಯಂತೆ ಕಂಡಿತು. ವಾಪಸು ಹೋಗಿ ಮಂಡಿಯೂರಿ, ಬೆರಳು ಬಿಡಿಸಿ, ತಲೆಯ ಕಡೆಯಿಂದ ಕಾಲಿನವರೆಗೆ ಅಲೆ ಎಳೆದ. ಅದರ ಪಕ್ಕ ಇನ್ನೊಂದು. ಆಗ ಅಳು ಬಂತು. ಬೆಳಗಿನಿಂದ ಬಾರದೇ ಇದ್ದ ಅಳು ದನ ಒರಲಿದಂತೆ ಬಂತು.

ದೊಡ್ಡಹನುಮಯ್ಯ ಹಿಂದೆ ನಿಂತಿದ್ದ. ತಿರುಗಿ ನೋಡಬಾರದು ಎಂದವನೇ ಅವನು. ತಮ್ಮನ ಮಗ ಗುಪ್ಪೆಯ ಉದ್ದಕ್ಕೂ ಬೆರಳಾಡಿಸುವುದನ್ನು ನೋಡಿ ಹೇಳಿದ.

"ಕಾಲಿನ ತಾವ ಒಸಿ ಬಿಟ್ಟೋಗೈತೆ ನೋಡು. ಮುಗಿಸಿ ಬಾ ಮಗ."

*

ಅವರು ಕೇರಿಗೆ ಬಂದಾಗ ಹೊತ್ತು ಮುಳುಗಿತ್ತು. ಹೊಸಿಲ ಹೊರಗೆ ಕೊಡದಲ್ಲಿ ನೀರಿತ್ತು. ಒಬ್ಬೊಬ್ಬರೇ ಕಾಲಿಗೆ ಸುರಿದುಕೊಂಡರು. ನರಸಿಂಹರಾಜು ನೆಲ ನೋಡುತ್ತಲೇ ಒಳಗೆ ಬಂದ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಕೆಮ್ಮಣ್ಣಿಲ್ಲ, ಅರಿಶಿನವಿಲ್ಲ, ನೀಲಿಯಿಲ್ಲ. ಬೆಳ್ಳಗಿತ್ತು ಗೋಡೆ, ಹೆಣದ ಮೇಲಿನ ಬಟ್ಟೆಯಂತೆ. ಅವನು ಮುಷ್ಟಿ ಬಿಗಿದ.

"ದೀಪ ನೋಡಪ್ಪ," ಎಂದಳು ದೊಡ್ಡಕ್ಕ.

ದೀಪ ಕೋಣೆಯ ನಡುವೆ ಇರಲಿಲ್ಲ. ಶ್ರೀಲತಾ ಅದನ್ನು ಗೋಡೆಗೆ ಆತುಕೊಂಡಂತೆ, ಅವ್ವ ತಲೆ ಇಡುತ್ತಿದ್ದ ಕಡೆ, ನೆಲದ ಮೇಲೆ ಇಟ್ಟಿದ್ದಳು. ಅವನು ದೀಪ ನೋಡಲು ಬಗ್ಗಿದ. ಬೆಳಕು ಗೋಡೆಯನ್ನು ಕೆಳಗಿನಿಂದ ಓರೆಯಾಗಿ ಸವರಿಕೊಂಡು ಮೇಲಕ್ಕೆ ಹೋಗಿತ್ತು. ಒಂದೊಂದು ಗೀರಿನ ಹಿಂದೆಯೂ ನೆರಳಿತ್ತು. ಹೀರೆಕಾಯಿಯ ನಾರು, ಜೋಳದ ಹಲ್ಲು, ಬೆರಳ ಅಲೆ, ಬಣ್ಣವಿದ್ದಾಗ ಯಾರ ಕಣ್ಣಿಗೂ ಬಿದ್ದಿರದ ಒಂದು ಪೂರ್ತಿ ಅಂಗೈ. ಆ ಬಿಳಿಯ ನಡುವೆ, ಸಾಲು ಹಿಡಿದು, ಒಂದು ಹನಿ ಸುಣ್ಣವೂ ಇಲ್ಲದೆ, ಹಸಿರು.

ಶ್ರೀಲತಾ ಒಲೆಮೂಲೆಯಲ್ಲಿ ನಿಂತಿದ್ದಳು. ಅವಳ ಸೆರಗಿನ ತುದಿ ಒದ್ದೆಯಾಗಿ, ಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ಬೆರಳ ತುದಿಗಳಲ್ಲಿ ಗಾಜು ಕೊಯ್ದ ಗೀರುಗಳಿದ್ದವು.

ದೊಡ್ಡಹನುಮಯ್ಯ ಒಳಗೆ ಬಂದ. ಗೋಡೆಯನ್ನು ನೋಡಿದ, ಸೊಸೆಯನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. ಹಿಂದಿನವರು ಅವನು ಏನು ಹೇಳುತ್ತಾನೋ ಎಂದು ಬಾಗಿಲಲ್ಲೇ ತಡೆದು ನಿಂತರು.

ಕೆರೆಯ ಕಡೆಯಿಂದ ಗಾಳಿ ಬೀಸಿತು. ದೀಪ ಬಾಗಿ, ಸಣ್ಣಗಾಗಿ, ಗೋಡೆ ಕತ್ತಲಾಯಿತು. ದೊಡ್ಡಹನುಮಯ್ಯ ಮಂಡಿಯೂರಿ ದೀಪಕ್ಕೆ ಎರಡೂ ಕೈ ಮರೆ ಮಾಡಿದ. ಕುಡಿ ನಿಧಾನಕ್ಕೆ ನೆಟ್ಟಗಾಯಿತು. ಬುಡದ ಬಳೆಚೂರು ಮೊದಲು ಮಿನುಗಿತು, ಆಮೇಲೆ ಅದರ ಮೇಲಿನದು, ಅದರ ಮೇಲಿನದು.