ಐದನೆಯ ಪಾಳಿ

ಸೈದಪ್ಪ ಕಲ್ಲಿನ ಹಂಡೆಯ ಬಾಯಿಗೆ ಮುಖವೊಡ್ಡಿ, ಠಾಣೆ ರೈಲ್ವೆ ಸ್ಟೇಷನ್ನಿನ ಮೈಕಿನೊಳಗಿನ ಹೆಂಗಸಿನ ದನಿ ತೆಗೆದ.

"ಯಾತ್ರೀಗಣ್ ಕೃಪಯಾ ಧ್ಯಾನ್ ದೇ. ಕಲ್ಯಾಣದಿಂದ ಜುನ್ನರಕ್ಕ ಹೋಗೂ ಎತ್ತಿನ ಸ್ಲೋ ಗಾಡಿ ಎರಡು ಸಾವಿರ ವರ್ಷ ಲೇಟ್ ಆಗಿ ಓಡಾಕತ್ತೈತಿ. ನಿಮಗಾದ ತ್ರಾಸಿಗೆ ನಮಗೇನೂ ಅನಸಂಗಿಲ್ಲ."

ಹಂಡೆ ಆ ದನಿಯನ್ನು ನುಂಗಿ, ದಪ್ಪ ಮಾಡಿ ಹೊರಗೆ ಉಗುಳಿತು. ಟೋಳಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಂಕ್ರೆಪ್ಪನೂ ನಕ್ಕ. ನಗುವ ನೆಪದಲ್ಲಿ ಬಂಡೆಗೆ ಒರಗಿ ಎಡಗಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿ ನೋಡಿಕೊಂಡ. ಮೊಣಕಾಲಿನ ಕೆಳಗೆ ಕಾಲು ಇತ್ತು. ಇದ್ದೇನೆ ಎಂಬ ಸುದ್ದಿ ಮಾತ್ರ ಮೇಲಕ್ಕೆ ಬರಲಿಲ್ಲ.

ಅವರು ಠಾಣೆ ಹತ್ತಿರದ ಮಹಾಪೆಯ ಒಂದು ಗೋದಾಮಿನಲ್ಲಿ ಲಾರಿ ತುಂಬಿಸುವ, ಇಳಿಸುವ ಹನ್ನೊಂದು ಜನ ಹಮಾಲರು. ಮಳೆ ಹಿಂದೆಗೆದ ಮೇಲೆ ವರ್ಷಕ್ಕೊಮ್ಮೆ, ಒಂದು ಭಾನುವಾರ, ಟೆಂಪೊ ಮಾಡಿಕೊಂಡು ಎಲ್ಲಿಗಾದರೂ ಹೋಗುವುದು ವಾಡಿಕೆ. ಈ ಸಲ ಟೋಳಿಯ ಮುಖ್ಯಸ್ಥ, ಮುಕಾದಮ ಭುಜಂಗ ನಾಣೆಘಾಟನ್ನು ಆರಿಸಿದ್ದ. ಟೆಂಪೊ ಬುಡದಲ್ಲಿ ನಿಂತಿತು. ಎರಡು ತಾಸು ಕಲ್ಲಿನ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಬೆಟ್ಟದ ಸೀಳಿನಲ್ಲಿ ಒಂದು ಗುಹೆ, ಅದರ ಗೋಡೆಯ ತುಂಬ ಯಾರಿಗೂ ಓದಲು ಬಾರದ ಅಕ್ಷರ. ಹಿಂದಿನ ಕಾಲದಲ್ಲಿ ಕಲ್ಯಾಣದ ಬಂದರಿಗೆ ಬಂದ ಸರಕೆಲ್ಲ ಇದೇ ಮೆಟ್ಟಿಲ ಮೇಲೆ ಬೆನ್ನಿನಿಂದ ಬೆನ್ನಿಗೆ ಏರುತ್ತಿತ್ತು, ಸುಂಕ ಈ ಹಂಡೆಗೆ ಬೀಳುತ್ತಿತ್ತು ಎಂದು ಮೇಲಿನ ಹಳ್ಳಿಯವನೊಬ್ಬ ಹೇಳಿದ. ಹನ್ನೊಂದು ಜನ ಸವೆದ ಮೆಟ್ಟಿಲುಗಳನ್ನು ಕಸುಬಿನ ಕಣ್ಣಿನಿಂದ ನೋಡಿದರು. ಮುಂಬ್ರಾದಲ್ಲೇ ಹುಟ್ಟಿ ಬೆಳೆದ ಜಯೇಶ್, ಅವರಿಗೂ ಯೂನಿಯನ್ ಇತ್ತೇನು ಎಂದು ಹಿಂದಿಯಲ್ಲಿ ಕೇಳಿದ. ಇದ್ದಿದ್ದರೆ ಮೆಟ್ಟಿಲು ಇಷ್ಟು ಎತ್ತರ ಇರುತ್ತಿರಲಿಲ್ಲ ಎಂದ ಭುಜಂಗ.

ಟೋಳಿಗೆ ಇರುವುದು ಒಂದೇ ಕಾನೂನು, ಪಾಳಿ. ಒಬ್ಬನಾದ ಮೇಲೆ ಒಬ್ಬ, ಗೊತ್ತು ಮಾಡಿದ ಸಾಲಿನಲ್ಲಿ, ಲಾರಿಯ ಬಾಲಕ್ಕೆ ಬೆನ್ನು ಕೊಡಬೇಕು. ಮೊದಲನೆಯವನು ಭುಜಂಗ, ನಾಲ್ಕನೆಯವನು ಸಂಗಮೇಶ, ಐದನೆಯವನು ಶಂಕ್ರೆಪ್ಪ, ಆರನೆಯವನು ಸೈದಪ್ಪ, ಏಳನೆಯವನು ಜಯೇಶ್. ಬಂದದ್ದನ್ನು ಹನ್ನೊಂದು ಜನ ಸಮ ಹಂಚಿಕೊಳ್ಳುವುದರಿಂದ, ಪಾಳಿ ತಪ್ಪಿಸಿದವನು ಉಳಿದ ಹತ್ತು ಬೆನ್ನಿನ ಮೇಲೆ ಕೂತ ಹಾಗೆ. ಹಾಗೆ ಕೂತವನನ್ನು ಟೋಳಿ ಬೈಯುವುದಿಲ್ಲ, ಇಳಿಸಿಬಿಡುತ್ತದೆ. ಆರು ವರ್ಷದ ಹಿಂದೆ ಪಾಳಿ ತಪ್ಪಿಸಿದ ಲೋಕನಾಥನನ್ನು ಕೆಲಸದಿಂದ ಇಳಿಸಿದಾಗ ಒಪ್ಪಿಗೆಗೆ ಕೈ ಎತ್ತಿದವರಲ್ಲಿ ಶಂಕ್ರೆಪ್ಪನೂ ಒಬ್ಬ.

ಈಗ ನಾಲ್ಕು ತಿಂಗಳಿಂದ ಶಂಕ್ರೆಪ್ಪನ ಎಡಗಾಲು ಭಾರ ಬಿದ್ದ ಕೂಡಲೇ ಮರಗಟ್ಟುತ್ತಿತ್ತು. ಸಾನಪಾಡಾದ ಡಾಕ್ಟರು ಬೆನ್ನಿನ ಫೋಟೊ ಬೆಳಕಿಗೆ ಹಿಡಿದು, ಇನ್ನು ಮುಂದೆ ಭಾರ ಎತ್ತಬಾರದು ಎಂದಿದ್ದರು. ಅದು ಗೊತ್ತಿದ್ದದ್ದು ಸೈದಪ್ಪನಿಗೆ ಮಾತ್ರ. ಐದನೆಯ ಪಾಳಿ ಬಂದಾಗಲೆಲ್ಲ ಸೈದಪ್ಪ ಮುಕಾದಮನ ಕೆಮ್ಮನ್ನೋ, ಗೇಟು ಕಾಯುವ ಭಯ್ಯಾನ ಆಕಳಿಕೆಯನ್ನೋ ತೆಗೆಯುವನು. ಎಲ್ಲರೂ ಅವನ ಮುಖ ನೋಡಿ ನಗುವಷ್ಟರಲ್ಲಿ ಐವತ್ತು ಕಿಲೋ ಚೀಲ ಅವನ ಬೆನ್ನಿಗೂ, ಹಗುರ ರಟ್ಟಿನ ಪೆಟ್ಟಿಗೆ ಶಂಕ್ರೆಪ್ಪನ ಬೆನ್ನಿಗೂ ಹೋಗಿರುತ್ತಿದ್ದವು. ಶಂಕ್ರೆಪ್ಪನ ಮಗಳು ಭಾಗ್ಯಾಳ ನರ್ಸಿಂಗ್ ಮುಗಿಯಲು ಇನ್ನೂ ಹದಿನೆಂಟು ತಿಂಗಳು. ಅಲ್ಲಿಯವರೆಗೆ ಹೀಗೇ ದೂಡಬಹುದು ಎಂಬುದು ಇಬ್ಬರ ಲೆಕ್ಕ.

ಗುಹೆಯಿಂದ ಐದಾರು ನಿಮಿಷ ಬಯಲಿನಲ್ಲಿ ನಡೆದರೆ ಕೆರೆ. ಸುತ್ತ ಕರಿಕಲ್ಲು, ನೀರಿನ ಮೇಲೆಯೇ ಕೂತ ಮೋಡ. ರೊಟ್ಟಿ, ಶೇಂಗಾ ಹಿಂಡಿ ಮುಗಿಸಿ ಉಳಿದವರು ದಿಬ್ಬದಾಚೆ ಫೋಟೊ ತೆಗೆಸಿಕೊಳ್ಳಲು ಹೋದರು. ಶಂಕ್ರೆಪ್ಪ ಬಾಟಲಿಗೆ ನೀರು ತುಂಬಿಸಲು ಬಗ್ಗಿದ. ಎಡಗಾಲು ಪಾಚಿಯ ಮೇಲಿತ್ತು; ಅದು ಅವನಿಗೆ ಗೊತ್ತಾಗುವ ಹೊತ್ತಿಗೆ ನೀರಿನತ್ತ ಜಾರಿದ್ದ. ಹಿಂದಿನಿಂದ ಸೈದಪ್ಪ ಅಂಗಿ ಹಿಡಿದು ಎಳೆದ. ಶಂಕ್ರೆಪ್ಪ ದಡಕ್ಕೆ ಬಿದ್ದ. ಸೈದಪ್ಪನ ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿ, ಒಣ ತೊಗರಿಕಟ್ಟಿಗೆ ಮುರಿದ ಹಾಗೆ ಸದ್ದಾಯಿತು.

ಸೈದಪ್ಪ ನರಳುವ ಮೊದಲು ಮಾತಾಡಿದ. "ನೀ ಜಾರಿದ್ದು ಯಾರಿಗೂ ಹೇಳಬ್ಯಾಡ."

ಮಂದಿ ಓಡಿ ಬಂದಾಗ, ಮುಕಾದಮನ ನಡಿಗೆ ಮಾಡಿ ತೋರಿಸುವಾಗ ಬಿದ್ದೆ ಎಂದು ಹೇಳಿದ. ಕೂತಲ್ಲಿಯೇ ಹೆಗಲು ತಿರುವಿ ಆ ನಡಿಗೆಯ ಅರ್ಧ ತೋರಿಸಿಯೂ ಬಿಟ್ಟ. ಮುಖ ಬೆವರಿ ಬೂದಿಯಾಗಿತ್ತು. ಭುಜಂಗ ಬೈಯುತ್ತಲೇ ಅವನ ಬೂಟು ಬಿಚ್ಚಿದ. ಕಣಕಾಲು ನೋಡನೋಡುತ್ತಿದ್ದಂತೆ ಊದಿತು.

ಮೇಲಿನ ಹಳ್ಳಿಯಿಂದ ಜೀಪು ಸಿಗುತ್ತದೆ, ಜುನ್ನರದ ಕಡೆಯಿಂದ ಸುತ್ತಿ ಘಾಟಿ ಇಳಿದರೆ ಮೂರು ತಾಸಿನಲ್ಲಿ ನಿಮ್ಮ ಟೆಂಪೊ ಹತ್ತಿರ ಬಿಡುತ್ತಾರೆ ಎಂದು, ಗುಹೆಯಿಂದ ಜೊತೆಗೇ ಬಂದಿದ್ದ ಹಳ್ಳಿಯವನು ಹೇಳಿದ. ಭುಜಂಗ ಟೋಳಿಯತ್ತ ತಿರುಗಿದ.

"ಹತ್ತು ಮಂದಿ ಹಮಾಲರು ಇದ್ದು ನಮ್ಮ ಮನಷ್ಯಾನ್ನ ಬಾಡಗಿ ಗಾಡಿಗಿ ಹಾಕಿ ಕಳಿಸಿದ್ರಂತ ಗೋದಾಮಿನಾಗ ಗೊತ್ತಾದ್ರ, ನಾಳಿ ಗೇಟಿನಾಗ ಯಾವ ಮಾರಿ ತೋರ್ಸೂದದ?"

ಉಳಿದವರಿಗಿಂತ ಮೊದಲು ಹೌದೆಂದು ತಲೆಯಾಡಿಸಿದವನು ಶಂಕ್ರೆಪ್ಪ. ಸೈದಪ್ಪ ಒಬ್ಬನೇ ಜೀಪೇ ಬೇಕು ಎಂದ. ಎರಡು ಸಲ ಎಂದ. ಹುಟ್ಟಿದಾಗಿನಿಂದ ಜೀಪಿನಾಗ ಕೂತಿಲ್ಲ, ಒಮ್ಮೆ ಕೂಡ್ರಸರಿ ಎಂದ. ದಿನವಿಡೀ ನಗಿಸುವವನ ಮಾತು. ಮಂದಿ ಅದಕ್ಕೂ ನಕ್ಕರು.

ಹಾಸಲು ತಂದಿದ್ದ ಚಾದರವನ್ನು ಮಡಚಿ ಅವನ ತೊಡೆಯ ಕೆಳಗೆ ಜೋಳಿಗೆಯಂತೆ ಕಟ್ಟಿದರು. ಒಬ್ಬೊಬ್ಬನಿಗೆ ನೂರು ಹೆಜ್ಜೆ, ಗೋದಾಮಿನ ಸಾಲಿನಲ್ಲಿಯೇ. ಬಯಲಿನಲ್ಲಿ ಭುಜಂಗ ಹೊತ್ತ. ಅವನ ಬೆನ್ನ ಮೇಲೆ ಕೂತು ಸೈದಪ್ಪ ಅವನದೇ ದನಿಯಲ್ಲಿ ಅವನಿಗೇ ಬೈದ. ಎರಡನೆಯವನ ಮೇಲೆ ಕೂತು ಅವನ ಗೊರಕೆ ತೆಗೆದ. ನೂರಕ್ಕೇ ಇಳಿಸಿ ಏರಿಸುವುದು ಹೆಚ್ಚಾಯಿತೆಂದು, ಗುಹೆಯ ಹತ್ತಿರ ಬರುವ ಹೊತ್ತಿಗೆ ಹೆಜ್ಜೆಯನ್ನು ಇನ್ನೂರಕ್ಕೆ ಏರಿಸಿದರು. ಸಂಗಮೇಶ ಮೆಟ್ಟಿಲ ಬಾಯಿಗೆ ಬಂದು ನಿಂತ. ಅವನ ಇನ್ನೂರು ಮುಗಿದಿತ್ತು.

ಶಂಕ್ರೆಪ್ಪ ತಲೆಗೆ ಟವೆಲು ಸುತ್ತಿ, ಕುಕ್ಕರುಗಾಲಿನಲ್ಲಿ ಕೂತು ಬೆನ್ನು ಕೊಟ್ಟ. ಇಬ್ಬರು ಸೈದಪ್ಪನನ್ನು ಎತ್ತಿ ಇಟ್ಟರು. ಬಲಗಾಲಿನ ಬಲದಿಂದಲೇ ಎದ್ದ. ಎದ್ದದ್ದು ನೋಡಿ ಸೈದಪ್ಪ ಅವನ ಕಿವಿಗೆ ಬಾಯಿ ಹಚ್ಚಿದ.

"ಶಂಕ್ರಣ್ಣ, ನೋವಂತ ಒದರ್ಲೇನು? ಇಳಿಸ್ತಾರ."

"ಬ್ಯಾಡ."

ಮೆಟ್ಟಿಲು ಕಡಿದಾಗಿತ್ತು. ಮುಂದೆ ಭುಜಂಗ, ಹಿಂದೆ ಉಳಿದವರು. ಶಂಕ್ರೆಪ್ಪ ಪ್ರತಿ ಹೆಜ್ಜೆಗೂ ಎಡಗಾಲನ್ನು ಕಣ್ಣಿನಿಂದ ನೋಡಿ ಇಡುತ್ತಿದ್ದ. ಇಪ್ಪತ್ತು. ಮೂವತ್ತು. ಹಿಂದಿನಿಂದ ಯಾರೋ, ಶಂಕ್ರೆಪ್ಪನ ದನಿ ತಗೀ ಎಂದು ಕೂಗಿದರು. ಸೈದಪ್ಪ ಅವನ ಕೊರಳ ಸುತ್ತ ಕೈ ಬಿಗಿ ಮಾಡಿದ.

"ತಗೀ ಮಾರಾಯ. ಸುಮ್ನಾದ್ರ ಮಂದಿ ಈ ಕಡಿ ನೋಡ್ತಾರ," ಎಂದ ಶಂಕ್ರೆಪ್ಪ, ಹಲ್ಲು ಕಚ್ಚಿಕೊಂಡು.

"ನಿಂದು ಬರಂಗಿಲ್ಲ ನನಗ," ಎಂದ ಸೈದಪ್ಪ.

ಐವತ್ತು. ಅಲ್ಲಿಂದ ಕೆಳಗೆ ದಾರಿ ಒಮ್ಮೆಗೇ ತಿರುಗಿ, ಮೆಟ್ಟಿಲುಗಳು ಒದ್ದೆ ನೆರಳಿಗೆ ಇಳಿದವು. ಸೈದಪ್ಪನ ಕೈ ಕೊರಳ ಸುತ್ತ ಬಿಗಿದಿದ್ದರಿಂದ ತಲೆ ಬಗ್ಗಿಸಲಾಗದೆ, ಶಂಕ್ರೆಪ್ಪನಿಗೆ ತನ್ನ ಪಾದ ಕಾಣದಂತಾಯಿತು. ಇಟ್ಟೆನೋ ಇಲ್ಲವೋ ತಿಳಿಯದೆ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಅರವತ್ತಮೂರನೆಯದಕ್ಕೆ ಮೈ ಎಡಕ್ಕೆ, ಕಣಿವೆಯ ಕಡೆಗೆ ವಾಲಿತು.

ಸೈದಪ್ಪ ಒದರಿದ. ಎಂಥ ಕೂಗೆಂದರೆ, ಹಿಂದಿದ್ದವರಿಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿತೆಂದೇ ಅನ್ನಿಸಿತು. ನಾಲ್ಕು ಕೈ ಬಂದು ಇಬ್ಬರನ್ನೂ ಗೋಡೆಗೆ ಒತ್ತಿ ಹಿಡಿದವು. ಸೈದಪ್ಪನನ್ನು ಇಳಿಸಿದರು. ಅವನು ಕಾಲು ಹಿಡಿದು ಹೊರಳಾಡಿದ; ನನ್ನ ಕಾಲಬೆರಳು ಕಲ್ಲಿಗೆ ತಗಲಿತು, ಶಂಕ್ರಣ್ಣಂದೇನೂ ತಪ್ಪಿಲ್ಲ, ನಾನೇ ಅಲುಗಾಡಿದೆ ಎಂದೆಲ್ಲ ಹೇಳಿದ. ಎಲ್ಲರೂ ಅವನ ಕಣಕಾಲಿನ ಮೇಲೆ ಬಗ್ಗಿದರು.

ಭುಜಂಗ ಬಗ್ಗಲಿಲ್ಲ. ಅವನು ಮೇಲಿನ ಮೆಟ್ಟಿಲುಗಳನ್ನು ನೋಡುತ್ತಿದ್ದ. ನಾಲ್ಕು ಮೆಟ್ಟಿಲು ಮೇಲೆ ಶಂಕ್ರೆಪ್ಪನ ಎಡಗಾಲಿನ ಚಪ್ಪಲಿ ಕಲ್ಲಿನ ಸಂದಿಗೆ ಸಿಕ್ಕಿ ನಿಂತಿತ್ತು. ಅಲ್ಲಿಂದ ಕೆಳಗೆ ಪ್ರತಿ ಮೆಟ್ಟಿಲಿಗೂ ಒಂದೊಂದು ಕೆಂಪು ಗುರುತು. ಶಂಕ್ರೆಪ್ಪನ ಹೆಬ್ಬೆರಳಿನ ಉಗುರು ಅರ್ಧ ಎದ್ದು ರಕ್ತ ಇಳಿಯುತ್ತಿತ್ತು. ಶಂಕ್ರೆಪ್ಪ ಮಾತ್ರ ಸೈದಪ್ಪನನ್ನು ನೋಡುತ್ತ, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

ಭುಜಂಗ ಹತ್ತಿ ಹೋಗಿ ಚಪ್ಪಲಿ ತಂದು ಅವನ ಪಾದದ ಮುಂದೆ ಇಟ್ಟ. ಶಂಕ್ರೆಪ್ಪ ಚಪ್ಪಲಿ ನೋಡಿದ, ಆಮೇಲೆ ಪಾದ ನೋಡಿದ.

"ಎಷ್ಟು ದಿನಾ ಆತು?" ಎಂದು ಭುಜಂಗ ಮೆಲ್ಲಗೆ ಕೇಳಿದ.

ಶಂಕ್ರೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಸೈದಪ್ಪ ಇನ್ನೊಮ್ಮೆ ಒದರಿದ. ಭುಜಂಗ ಅವನತ್ತ ತಿರುಗಲೂ ಇಲ್ಲ. ಅವನು ಕೈಚಾಚಿ ಶಂಕ್ರೆಪ್ಪನ ತೋಳು ಹಿಡಿದು, ಚಪ್ಪಲಿಗೆ ಕಾಲು ತೂರಿಸುವವರೆಗೆ ಹಾಗೇ ಹಿಡಿದಿದ್ದು, ಆಮೇಲೆ ಟೋಳಿಯತ್ತ ನೋಡಿ, "ಏಳನೇ ಪಾಳಿ," ಎಂದ.

ಜಯೇಶ್ ಹೊತ್ತ. ಆಮೇಲೆ ಉಳಿದವರು. ಸೈದಪ್ಪ ಯಾರ ದನಿಯನ್ನೂ ತೆಗೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಭುಜಂಗ ನಡುನಡುವೆ ಹಿಂದುಳಿದು ಒಬ್ಬೊಬ್ಬರ ಪಕ್ಕದಲ್ಲಿ ಎರಡು ಮಾತಾಡಿ ಮುಂದೆ ಹೋಗುತ್ತಿದ್ದ. ಅವನು ಬಂದು ಹೋದ ಮೇಲೆ ಆ ಮನುಷ್ಯ ಶಂಕ್ರೆಪ್ಪನ ಕಡೆ ನೋಡುತ್ತಿರಲಿಲ್ಲ. ಕೊನೆಯವನ ಇನ್ನೂರು ಮುಗಿದು ಪಾಳಿ ಮತ್ತೆ ಭುಜಂಗನಿಗೆ ಬಂತು. ಆಮೇಲೆ ಎರಡು, ಮೂರು. ಸಂಗಮೇಶ ಹೊತ್ತು ನಡೆದಾಗ ಶಂಕ್ರೆಪ್ಪ ಅವನ ಹೆಜ್ಜೆಗಳನ್ನು ತುಟಿಯಲ್ಲಿಯೇ ಎಣಿಸುತ್ತ ಬೆನ್ನ ಹಿಂದೆಯೇ ಬಂದ.

ಇನ್ನೂರಕ್ಕೆ ಸಂಗಮೇಶ ನಿಂತ. ಶಂಕ್ರೆಪ್ಪ ಟವೆಲು ಬಿಗಿದುಕೊಂಡು ಮುಂದೆ ಬಂದ.

ಹಿಂದಿನಿಂದ ಜಯೇಶ್ ಅವನ ಹೆಗಲಿಗೆ ಹೆಗಲು ತಗಲಿಸಿ ಹಾಯ್ದು ಬಂದು, ಅವನ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತ. "ಥೋಡಾ ಬಾಜೂ, ಕಾಕಾ," ಎಂದ, ನೆಲ ನೋಡುತ್ತ.

ಇಬ್ಬರು ಸೈದಪ್ಪನನ್ನು ಎತ್ತಿ ಇಟ್ಟರು. ಸೈದಪ್ಪ ಜಯೇಶನ ಕುತ್ತಿಗೆಯಲ್ಲಿ ಮುಖ ಹುದುಗಿಸಿದ.

ದಾರಿ ಒಬ್ಬ ನಡೆಯುವಷ್ಟೇ ಅಗಲವಿತ್ತು. ಶಂಕ್ರೆಪ್ಪ ಪಕ್ಕಕ್ಕೆ ಸರಿದು, ಹೊಟ್ಟೆ ಒಳಗೆಳೆದುಕೊಂಡು, ಕೈ ಎರಡನ್ನೂ ಬಂಡೆಗೆ ಆನಿಸಿ ನಿಂತ, ಬರಿಗೈಯವರು ಹೊರೆ ಹೊತ್ತವರಿಗೆ ದಾರಿ ಬಿಟ್ಟು ನಿಲ್ಲುವ ಹಾಗೆ. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹಾದು ಹೋದರು.