ಇನ್ನಷ್ಟು ಪಾಲು

ಹಾರ್ಸ್ಲಿ ಬೆಟ್ಟದ ಮೇಲೆ ಕಪ್‌ಕೇಕ್‌ಗಳೆಲ್ಲ ನಡುವಿಗೆ ಕುಸಿದುಬಿದ್ದವು ಎಂಬ ಸುದ್ದಿ ಫೋನಿನಲ್ಲಿ ಬಂದಾಗ, ರಾಯದುರ್ಗದ ಉಷಾರಾಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಯಲ್ಲಿ ಮಾತ್ರ "ಅಯ್ಯೋ, ಪಾಪ" ಅಂದಳು. ಪಕ್ಕದಲ್ಲೇ ಅತ್ತೆ ಸರ್ವಮಂಗಳಮ್ಮ ಕೂತಿದ್ದರು, ಅಷ್ಟಾದರೂ ಅನ್ನಬೇಕಲ್ಲ.

ಕೇಕು ಬೇಯಿಸಿದವಳು ಅವಳ ವಾರಗಿತ್ತಿ ಅಂಜನಾ. ಮದನಪಲ್ಲಿ ಕಡೆಯ ತೆಲುಗು ಮನೆಯ ಹುಡುಗಿ. ಉಷಾರಾಣಿಯ ಮೈದುನ ವಾಗೀಶನನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಹೆಂಡತಿ ಸೇರಿ ಅವಳ ತವರಿಗೆ ಹತ್ತಿರದ ಆ ಬೆಟ್ಟದ ಮೇಲೆ, ತಂಪು ಹುಡುಕಿಕೊಂಡು ಬರುವ ಪ್ರವಾಸಿಗರಿಗಾಗಿ ಟೀ ಅಂಗಡಿ ಇಟ್ಟಿದ್ದರು. ಟೀ ಜೊತೆಗೆ ಏನು ಕೊಡೋಣ ಎಂಬ ಪ್ರಶ್ನೆ ಬಂದಾಗ, ನಮ್ಮ ಮನೆಯ ಕಪ್‌ಕೇಕ್ ಇರುವಾಗ ಬೇರೆ ಏನು ಬೇಕು ಎಂದು ವಾಗೀಶ ಹೇಳಿದ್ದನಂತೆ. ನಮ್ಮ ಮನೆಯ ಕಪ್‌ಕೇಕ್ ಅಂತೆ. ಆ ಮಾತು ಕೇಳಿಯೇ ಉಷಾರಾಣಿಗೆ ಮೈ ಉರಿದಿತ್ತು. ಮನೆಯದಾಗಿದ್ದರೆ ಮನೆಯವರು ಮಾಡಿರಬೇಕಿತ್ತಲ್ಲ.

ಜೀನ್ಸ್ ಹೊಲಿಯುವ ಯೂನಿಟ್ಟುಗಳ ಓಣಿಯಲ್ಲಿ ಅವರದೊಂದು ಬೇಕರಿ. ಮಾವ ಇದ್ದ ಕಾಲದಲ್ಲಿ ಬ್ರೆಡ್ಡು, ಖಾರದ ಬಿಸ್ಕತ್ತು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಮೊಟ್ಟೆ ಒಳಗೆ ಬರದ ಮನೆ. ಮೊಸರು, ಅಡುಗೆ ಸೋಡಾ ಹಾಕಿ, ಮೊಟ್ಟೆಯಿಲ್ಲದೆ ಉಬ್ಬುವ ಕಪ್‌ಕೇಕನ್ನು ಉಷಾರಾಣಿ ಒಬ್ಬಳೇ, ಎಷ್ಟೋ ಹಿಟ್ಟು ಕೆಡಿಸಿ, ಎಷ್ಟೋ ಬೈಗುಳ ತಿಂದು ಸಾಧಿಸಿದ್ದಳು. ಟೀ ಹೊತ್ತಿಗೆ ಹೊಲಿಗೆಯ ಹೆಂಗಸರು ಬಂದು "ಉಷಕ್ಕ, ಬಿಸಿ ಅದಾವೇನ್ರಿ?" ಅಂದರೆ ಅವಳ ಮುಖ ಅರಳುತ್ತಿತ್ತು. ಗಲ್ಲಾ ಗಂಡ ಉಮಾಮಹೇಶ್ವರನದು, ಅಂಗಡಿ ಅತ್ತೆಯದು, ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಹೆಸರೊಂದೇ.

ಅತ್ತೆ ಮಾತ್ರ ಒಂದು ದಿನವೂ ಚೆನ್ನಾಗಿದೆ ಅಂದವರಲ್ಲ. ಸುಮ್ಮನೆ ತಿನ್ನುವರು, ಇನ್ನೊಂದು ಕೊಡು ಅನ್ನುವರು, ಅಷ್ಟೆ. ಈಗ ಅದೇ ಅತ್ತೆ ವಿಡಿಯೋ ಕಾಲ್‌ನಲ್ಲಿ, ಹಳ್ಳ ಬಿದ್ದ ಕೇಕನ್ನು ನೋಡಿ, "ಇರ್ಲಿ ಬಿಡವ್ವ, ರುಚಿ ಚಲೋ ಇದ್ದಾವು" ಎಂದು ಸಮಾಧಾನ ಮಾಡುತ್ತಿದ್ದರು. ಫೋನಿನಲ್ಲೇ ರುಚಿ ಸಿಕ್ಕಿಬಿಟ್ಟಿತೇ ಎಂದು ಉಷಾರಾಣಿ ಮನಸ್ಸಿನಲ್ಲೇ ಹಲ್ಲು ಕಡಿದಳು.

"ಅಕ್ಕಾ, ನೀವು ಹೇಳಿದ ಅಳತೆನೇ ಹಾಕಿದೆ," ಅಂದಳು ಅಂಜನಾ. ಅವಳ ಕನ್ನಡ ಇನ್ನೂ ಕಲಿಕೆಯದು. "ಮೊದಲು ಬಾಗಾ, ಚೆನ್ನಾಗಿ ಉಬ್ಬತದೆ, ಆಮೇಲೆ ಕೂತುಬಿಡ್ತದೆ. ಏನು ಮಾಡಲಿ?"

ಅಳತೆ ಸರಿಯಾಗಿಯೇ ಕೊಟ್ಟಿದ್ದಳು. ಕೊಡುವಾಗ ಅತ್ತೆ ಎದುರಿಗೇ ಇದ್ದರು, ಹೆಚ್ಚು ಕಡಿಮೆ ಹೇಳುವ ಹಾಗಿರಲಿಲ್ಲ. ಈಗ ಅವಕಾಶ ತಾನಾಗಿಯೇ ಬಂದಿತ್ತು.

"ಸೋಡಾ ಸಾಲಂಗಿಲ್ಲ ನೋಡು," ಅಂದಳು ಉಷಾರಾಣಿ. "ಒಂದಕ್ಕ ಎರಡು ಹಾಕು."

ಸೋಡಾ ಹೆಚ್ಚಾದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಸಂಜೆ ಫೋನಿನಲ್ಲಿ ಕಂಡದ್ದೂ ಅದೇ. ಹಿಟ್ಟು ಕಾಗದದ ಕಪ್ಪುಗಳಿಂದ ಉಕ್ಕಿ, ಟ್ರೇ ತುಂಬ ಹರಿದು, ಕಂದು ಬಣ್ಣಕ್ಕೆ ತಿರುಗಿ, ನಡುವಿಗೆ ಗುಂಡಿ ಬಿದ್ದಿತ್ತು. ಅಂಜನಾ ಅಳುತ್ತಾಳೆ ಎಂದು ಉಷಾರಾಣಿ ಫೋನಿನ ಹತ್ತಿರಕ್ಕೆ ಬಂದು ಕೂತಳು. ಆದರೆ ಅಂಜನಾ ಟ್ರೇ ಎತ್ತಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯೂ ನಕ್ಕರು. ಆ ನಗುವಿಗೆ ಉಷಾರಾಣಿಯ ಸಂತೋಷದ ಮೇಲೆ ತಣ್ಣೀರು ಬಿತ್ತು.

ಅದಾದ ಮೇಲೆ ಅಂಜನಾ ಇವಳನ್ನು ಏನೂ ಕೇಳಲಿಲ್ಲ. ತಾನೇ ಒಂದೊಂದಾಗಿ ಮಾಡಿ ನೋಡತೊಡಗಿದಳು. ಒಂದು ಸಂಜೆ ಫೋನಿನಲ್ಲಿ ಮುಖಕ್ಕಿಂತ ಮೊದಲು ಒಂದು ಕಪ್‌ಕೇಕ್ ಕಾಣಿಸಿತು. ಗುಂಡಿ ಇರಲಿಲ್ಲ. ನೆತ್ತಿ ದುಂಡಗೆ, ಹೊಂಬಣ್ಣಕ್ಕೆ ಬಂದಿತ್ತು.

"ಸೋಡಾ ಅರ್ಧಕ್ಕೆ ಅರ್ಧ ಕಮ್ಮಿ ಮಾಡಿದೆ ಅಕ್ಕಾ, ಉರಿ ಜಾಸ್ತಿ ಇಟ್ಟೆ. ಬೆಟ್ಟದ ಮೇಲೆ ಗಾಳಿ ಪಲಚಗಾ ಇರತದಂತೆ, ತೆಳ್ಳಗೆ. ಅದಕ್ಕೇ ಬೇಗ ಉಬ್ಬಿ ಬೇಗ ಬೀಳೋದು. ಈಗ ನಿಂತಿತು, ಆದ್ರೆ ಪುಡಿ ಪುಡಿ. ಗಂಟಲಿಗೆ ಹಿಡೀತದೆ."

"ಶಾಣ್ಯಾಕಿ ಅದಾಳ ನನ್ನ ಸೊಸಿ," ಅಂದರು ಸರ್ವಮಂಗಳಮ್ಮ.

ಎಷ್ಟು ವರ್ಷ ಓವನ್ನಿನ ಮುಂದೆ ಬೆವರು ಸುರಿಸಿದರೂ ಆ ಬಾಯಿಂದ ಬಾರದಿದ್ದ ಮಾತು ಅದು. ಪುಡಿ ಪುಡಿ ಎಂಬುದೊಂದೇ ಉಷಾರಾಣಿಗೆ ಉಳಿದಿದ್ದ ನೆಮ್ಮದಿ.

ಅತ್ತೆ ಮಾತು ಮುಗಿಸಿ, ಫೋನನ್ನು ಮಂಚದ ಮೇಲಿಟ್ಟು, ದೇವರಿಗೆ ದೀಪ ಹಚ್ಚಲು ಎದ್ದುಹೋದರು. ಕಾಲ್ ಕಟ್ ಆಗಿರಲಿಲ್ಲ. ಕಟ್ ಮಾಡೋಣವೆಂದು ಉಷಾರಾಣಿ ಕೈಚಾಚಿದಾಗ ಆ ಕಡೆಯ ಮಾತು ಕಿವಿಗೆ ಬಿತ್ತು. ಅಂಜನಾ ಗಂಡನಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. "ಮನಕಿ ಪಾಲು ಸರಿಪೋಲೇದು. ಇಂಕಾ ಪಾಲು ಕಾವಾಲಿ. ಅಕ್ಕನಿ ಅಡಗಾಲಿ."

ನಮಗೆ ಪಾಲು ಸಾಲಲಿಲ್ಲ, ಇನ್ನಷ್ಟು ಪಾಲು ಬೇಕು, ಅಕ್ಕನನ್ನು ಕೇಳಬೇಕು.

ಹೇಗೂ ಹಬ್ಬಕ್ಕೆ ಹೋಗುತ್ತೇವಲ್ಲ, ಆಗ ನೀನೇ ಕೇಳು ಎಂದು ವಾಗೀಶನ ದನಿ ಹೇಳಿತು.

ಉಷಾರಾಣಿ ಕಾಲ್ ಕಟ್ ಮಾಡಿದಳು. ಸರಿ ಹಾಗಾದರೆ. ಆ ನಗು, ಆ ಅಕ್ಕಾ ಅಕ್ಕಾ ಎನ್ನುವ ಬೆಣ್ಣೆ ಮಾತು, ಎಲ್ಲ ಇದಕ್ಕೇ. ಮೊದಲು ಅಳತೆ ತೆಗೆದುಕೊಂಡಳು, ಆಮೇಲೆ ಅತ್ತೆಯನ್ನು ತೆಗೆದುಕೊಂಡಳು, ಈಗ ಅಂಗಡಿಗೆ ಬಂದಳು. ಗಂಡನಿಗೆ ಹೇಳಿದರೆ ಅವನು, "ಹೌದಾ, ಕೇಳಿದಾಗ ನೋಡೋಣು ಬಿಡು" ಎಂದು ಪೇಪರು ತಿರುವಿದ. ಯುಗಾದಿಯವರೆಗೆ ಉಷಾರಾಣಿ ಆ ಮಾತನ್ನು ಒಳಗೇ ಅರೆಯುತ್ತ ಕಳೆದಳು. ಅಂಗಡಿ ಹೋದರೆ ಓವನ್ ಹೋಗುತ್ತದೆ, ಓವನ್ ಹೋದರೆ ಉಷಕ್ಕ ಎಂಬ ಹೆಸರೂ ಹೋಗುತ್ತದೆ. ಆಮೇಲೆ ತಾನು ಯಾರು?

ಹಬ್ಬದ ದಿನ ಊಟವಾಗಿ, ಎಲ್ಲರೂ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಅಂಜನಾ ಬಂದು ಉಷಾರಾಣಿಯ ಪಕ್ಕದಲ್ಲಿ ಕಾಲು ಮಡಚಿ ಕೂತಳು.

"ಅಕ್ಕಾ, ಒಂದು ಮಾತು ಅಡಗಾಲಿ. ಪಾಲು ವಿಷಯ."

ಉಷಾರಾಣಿ ಕಾದಿದ್ದೇ ಅದಕ್ಕೆ.

"ಗೊತ್ತೈತಿ ನಂಗ. ಹಬ್ಬಕ್ಕ ಬಂದು ಕೇಳ್ತಿ ಅಂತನೂ ಗೊತ್ತೈತಿ," ಅಂದಳು. ದನಿ ತಾನಾಗಿಯೇ ಏರಿತು. "ತಗೊಂಡು ಹೋಗವ್ವ. ಅಂಗಡಿ ತಗೋ, ಓವನ್ ತಗೋ, ಗಲ್ಲಾನೂ ತಗೋ. ಎಷ್ಟು ಪಾಲು ಬೇಕೋ ಅಷ್ಟೂ ತಗೋ. ಆದ್ರ ಕಪ್‌ಕೇಕ್ ನಂದು. ಅದರಾಗ ಮಾತ್ರ ಪಾಲು ಕೊಡಂಗಿಲ್ಲ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಸರ್ವಮಂಗಳಮ್ಮನ ಬೆರಳು ನಿಂತಿತು. ವಾಗೀಶ ಅಣ್ಣನ ಮುಖ ನೋಡಿದ. ಅಂಜನಾಗೆ ಅಷ್ಟು ವೇಗದ ಕನ್ನಡ ಅರ್ಧ ಹಿಡಿಯಿತು, ಅರ್ಧ ಹಿಡಿಯಲಿಲ್ಲ. ಅಕ್ಕ ಎಷ್ಟೋ ಕೊಡುತ್ತೇನೆ ಅನ್ನುತ್ತಿದ್ದಾಳೆ ಎಂಬುದಷ್ಟು ತಿಳಿಯಿತು. ಗಾಬರಿಯಿಂದ ಕೈ ಆಡಿಸಿದಳು.

"ಅಯ್ಯೋ, ಅಂತ ವದ್ದು ಅಕ್ಕಾ, ಅಷ್ಟೊಂದು ಬೇಡ. ಅರ್ಧ ಗ್ಲಾಸು ಸಾಕು."

ಮೊದಲು ಸರ್ವಮಂಗಳಮ್ಮನ ಹೊಟ್ಟೆ ಕುಲುಕಿತು, ಆಮೇಲೆ ಕೈಯಲ್ಲಿದ್ದ ಎಲೆ ಜಾರಿ ಬೀಳುವಷ್ಟು ನಗು ಬಂತು.

"ಹಾಲವ್ವಾ, ಹಾಲು. ಕೇಕು ಪುಡಿ ಆಗ್ತದಂತ ಹಿಟ್ಟಿಗೆ ಹಾಲು ಎಷ್ಟು ಹೆಚ್ಚು ಹಾಕಲಿ ಅಂತ ಕೇಳಾಕ ಬಂದಾಳ ಆಕಿ."

ತೆಲುಗಿನಲ್ಲಿ ಹಾಲಿಗೆ ಪಾಲು ಅನ್ನುತ್ತಾರೆ ಎಂದು ಉಷಾರಾಣಿಗೆ ಯಾರೂ ಕಲಿಸಬೇಕಿರಲಿಲ್ಲ. ಹಾಲು ಹಾಕುವ ನರಸಕ್ಕನ ಜೊತೆ ದಿನ ಬೆಳಗಾದರೆ ಅವಳು ಆಡುವುದು ಅದೇ ಮಾತು. ಆಸ್ತಿಯ ಪಾಲಿಗೂ ತೆಲುಗಿನಲ್ಲಿ ಅದೇ ಮಾತು. ಎರಡರಲ್ಲಿ ಯಾವುದು ಕೇಳಿಸಬೇಕೆಂದು ಅವಳ ಹೊಟ್ಟೆಕಿಚ್ಚು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.

ಅತ್ತೆ ಕಣ್ಣು ಒರೆಸಿಕೊಂಡರು. ನಗು ನಿಂತ ಮೇಲೆ ಅವರ ಮುಖ ಬೇರೆಯಾಯಿತು.

"ನನ್ನ ಇಬ್ಬರು ಮಕ್ಕಳೂ ಇವತ್ತಿನತನ ಈ ಮನ್ಯಾಗ ಆ ಮಾತು ಎತ್ತಿರಲಿಲ್ಲ ಉಷಾ. ಮೊದಲು ಎತ್ತಿದಾಕಿ ನೀನು."

ಉಷಾರಾಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಾಗೀಶ ಜೇಬಿನಿಂದ ಫೋನು ತೆಗೆದು, ಒಂದು ಫೋಟೋ ಹುಡುಕಿ ಅವಳ ಮುಂದೆ ಹಿಡಿದ. ಬೆಟ್ಟದ ಅಂಗಡಿಯ ಹೊಸ ಬೋರ್ಡು. ತೆಲುಗಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿತ್ತು: ರಾಯದುರ್ಗದ ಉಷಕ್ಕ ಕಪ್‌ಕೇಕ್.

"ನಿಮಗ ತೋರಿಸಿ ಖುಷಿ ಪಡಿಸಬೇಕಂತ ತಂದಿದ್ದೆ ಅತ್ತಿಗಿ," ಅಂದ. "ಹೋದ ವಾರ ಅಂಜನಾನೇ ಬರೆಸಿದ್ದು. ಪಾಲು ಕೊಡಂಗಿಲ್ಲ ಅಂತೀರಲ್ಲ, ಹೋದ ಮ್ಯಾಲ ತೆಗೆಸಲೇನ್ರಿ?"

"ಇರ್ಲಿ ಬಿಡು," ಅಂದಳು ಉಷಾರಾಣಿ. ಅಂದ ಮೇಲೆ ಎಷ್ಟು ಬೇಗ ಅಂದೆ ಎಂದು ನಾಚಿಕೆಯಾಯಿತು.

ಅಂಜನಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಉಷಾರಾಣಿ ಅವಳ ಕಡೆ ನೋಡದೆ ಹೇಳಿದಳು. "ಎಷ್ಟು ಅಂತ ನಂಗೂ ಗೊತ್ತಿಲ್ಲ. ಬೆಟ್ಟದ ಮ್ಯಾಲ ನಾನೆಂದೂ ಬೇಸಿಲ್ಲ. ಹಿಟ್ಟು ಚಮಚದಿಂದ ಜಾರಿ ಬೀಳೂತನ ಹಾಲು ಹಾಕು. ಸುರೀಬಾರದು, ಜಾರಬೇಕು." ಆ ಓವನ್ನಿನ ಮುಂದೆ ತಾನು ಕಲಿತ ಗುಟ್ಟು ಅದೊಂದೇ, ಯಾರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವಳೂ ಹೋದಳು. ವಾಗೀಶ ಬ್ಯಾಗು ಹಿಡಿದು ಅನಂತಪುರದ ಬಸ್ಸಿನಲ್ಲಿ ಸೀಟು ಹಿಡಿಯಲು ಹತ್ತಿದ. ಅಂಜನಾ ಮೆಟ್ಟಿಲ ಮೇಲೆ ಕಾಲಿಟ್ಟಾಗ ಉಷಾರಾಣಿ ಅವಳ ಕೈ ಹಿಡಿದಳು. ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ದ ಮಾತು ಅಲ್ಲಿ ಹೊರಗೆ ಬಂತು.

"ಸೋಡಾ ಎರಡರಷ್ಟು ಹಾಕು ಅಂದಿದ್ದೆನಲ್ಲ, ಅದು ತಪ್ಪಿ ಹೇಳಿದ್ದಲ್ಲ. ಕೆಡಲಿ ಅಂತ ಬೇಕಂತನ ಹೇಳಿದ್ದು."

"ತೆಲುಸು ಅಕ್ಕಾ," ಅಂದಳು ಅಂಜನಾ. ಗೊತ್ತು ಅಕ್ಕಾ. "ಆ ದಿನಾನೇ ಗೊತ್ತಾಯ್ತು. ಅಷ್ಟು ಉಕ್ಕಿದ್ದು ನೋಡೇ ಸೋಡಾ ಕಮ್ಮಿ ಮಾಡಬೇಕು ಅಂತ ತಿಳೀತು. ಒಳ್ಳೇದೇ ಆಯ್ತು."

ಅಂದು ನಕ್ಕಳು, ಫೋನಿನಲ್ಲಿ ಟ್ರೇ ಹಿಡಿದು ನಕ್ಕಿದ್ದ ಅದೇ ನಗು. ಬಸ್ಸು ಹೊರಟಿತು.

ಉಷಾರಾಣಿ ಬಿಸಿಲಿನಲ್ಲಿ ನಿಂತೇ ಲೆಕ್ಕ ಹಾಕಿದಳು. ಸೋಡಾ ಉಕ್ಕಿದ್ದು ಮೊದಲು, ಬೋರ್ಡು ಬರೆಸಿದ್ದು ಆಮೇಲೆ. ಎಲ್ಲ ತಿಳಿದ ಮೇಲೂ ಆ ಹುಡುಗಿ ಬೋರ್ಡಿನ ಮೇಲೆ ಉಷಕ್ಕನ ಹೆಸರು ಹಾಕಿಸಿದ್ದಳು. ಆ ಜಾಗದಲ್ಲಿ ತಾನಿದ್ದರೆ ಹಾಕಿಸುತ್ತಿರಲಿಲ್ಲ, ಸತ್ತರೂ ಹಾಕಿಸುತ್ತಿರಲಿಲ್ಲ. ಅಳತೆ ಕಲಿಯಬಹುದು, ಉರಿ ಕಲಿಯಬಹುದು, ಅಂಥ ಮನಸ್ಸನ್ನು ಎಲ್ಲಿ ಕಲಿಯುವುದು ಎಂದು ಯೋಚಿಸುತ್ತ ಮನೆಯ ದಾರಿ ಹಿಡಿದಾಗ, ಅವಳ ಹೊಟ್ಟೆಯಲ್ಲಿ ಮತ್ತೆ ಅದೇ ಹಳೆಯ ಕಿಚ್ಚು ಹತ್ತಿಕೊಂಡಿತು. ಈ ಸಲ ಅದು ಕೇಕಿನ ಮೇಲಿನದಾಗಿರಲಿಲ್ಲ.